ಶಿರಸಿಯ ಪಿನ್‌ಕೋಡನ್ನು ಒಡೆದ ಬಗೆ

ನಾನು ಶಿರಸಿಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಅಪವರ್ತನ, ಅಂದರೆ ಸಂಖ್ಯೆಯನ್ನು ಅವಿಭಾಜ್ಯಗಳ ಗುಣಲಬ್ಧವಾಗಿ ಒಡೆಯುವುದನ್ನು ಕಲಿಸುವಾಗ ಅವರಿಗೆ ಗೊತ್ತಿರುವ ಸಂಖ್ಯೆಯನ್ನೇ ಕೊಡುವುದು ನನ್ನ ರೂಢಿ. ಪಿನ್‌ಕೋಡ್ ಆದರೆ ಎಲ್ಲರಿಗೂ ಬಾಯಿಪಾಠ, ಅಲ್ವಾ?

ಕಾರವಾರದ 581301 ಸುಲಭ. ಅಂಕಿಗಳ ಮೊತ್ತ 18, ಹಾಗಾಗಿ 9 ಹೋಗುತ್ತದೆ. ಉಳಿದ 64589ರಲ್ಲಿ 7 ಹೋಗುತ್ತದೆ. ಆಮೇಲೆ ಸಿಗುವ 9227 ಅವಿಭಾಜ್ಯ.

ನಮ್ಮೂರಿನ 581401 ಹಾಗಲ್ಲ. 2ರಿಂದ 19ರವರೆಗೆ ಯಾವ ಅವಿಭಾಜ್ಯವೂ ಹೋಗುವುದಿಲ್ಲ. ವರ್ಗಮೂಲ 762ಕ್ಕಿಂತ ಸ್ವಲ್ಪ ಜಾಸ್ತಿ. ಅಷ್ಟು ದೂರ ಭಾಗಿಸುತ್ತಾ ಹೋಗಲು ಮಕ್ಕಳ ಕೈಯಲ್ಲಿ ಕ್ಯಾಲ್ಕುಲೇಟರ್ ಇಲ್ಲ. ಅದಕ್ಕೇ 17ನೇ ಶತಮಾನದ ಫ್ರೆಂಚ್ ಗಣಿತಜ್ಞ ಫರ್ಮಾ ತೋರಿಸಿದ ದಾರಿ ಹಿಡಿದೆ. 763ರಿಂದ ಶುರು ಮಾಡಿ, ಒಂದೊಂದೇ ಸಂಖ್ಯೆಯ ವರ್ಗದಲ್ಲಿ 581401 ಕಳೆಯಬೇಕು. ಉಳಿದದ್ದು ಪೂರ್ಣವರ್ಗವಾದರೆ ಕೆಲಸ ಮುಗಿಯಿತು: ಆಗ 581401 ಎರಡು ವರ್ಗಗಳ ವ್ಯತ್ಯಾಸ, ಅಂದರೆ ಆ ಎರಡು ಸಂಖ್ಯೆಗಳ ಮೊತ್ತ ಮತ್ತು ವ್ಯತ್ಯಾಸಗಳ ಗುಣಲಬ್ಧ.

ಇದೂ ಉದ್ದದ ದಾರಿಯೇ. ಇಲ್ಲಿ ಕೈಹಿಡಿದದ್ದು ಪಕ್ಕದ ಸಂಖ್ಯೆ. 581400 ಅಂದರೆ 8 × 9 × 25 × 17 × 19. ಎಷ್ಟು ಚೆಂದ ಒಡೆಯುತ್ತದೆ ನೋಡಿ! ಹಾಗಾಗಿ 3, 9, 5, 25 ಯಾವುದರಿಂದ ಭಾಗಿಸಿದರೂ 581401ಕ್ಕೆ ಶೇಷ 1. ಪೂರ್ಣವರ್ಗವನ್ನು 3ರಿಂದ ಭಾಗಿಸಿದರೆ ಶೇಷ 2 ಬರುವುದೇ ಇಲ್ಲ. ಆದ್ದರಿಂದ ಕಳೆದು ಉಳಿಯುವ ವರ್ಗ 3ರಿಂದ ಭಾಗವಾಗಲೇಬೇಕು. 3ರಿಂದ ಭಾಗವಾಗುವ ವರ್ಗ 9ರಿಂದಲೂ ಭಾಗವಾಗುತ್ತದೆ. ಅಂದರೆ ನಾವು ಹುಡುಕುವ ಸಂಖ್ಯೆ 9ರ ಅಪವರ್ತ್ಯಕ್ಕಿಂತ ಒಂದು ಹೆಚ್ಚು ಅಥವಾ ಒಂದು ಕಡಿಮೆ. 5ನ್ನು ಹಿಡಿದು ಹೀಗೇ ಯೋಚಿಸಿದರೆ, ಅದು 5ರ ಅಪವರ್ತ್ಯವಾಗಿರಬೇಕು, ಇಲ್ಲವೇ 25ರ ಅಪವರ್ತ್ಯಕ್ಕಿಂತ ಒಂದು ಹೆಚ್ಚೋ ಕಡಿಮೆಯೋ ಇರಬೇಕು. 16ರಿಂದ ಭಾಗಿಸಿದಾಗಿನ ಶೇಷ 9 ಇನ್ನೊಂದು ಷರತ್ತು ಕೊಡುತ್ತದೆ: 8ರ ಅಪವರ್ತ್ಯಕ್ಕಿಂತ 3 ಹೆಚ್ಚು ಅಥವಾ 3 ಕಡಿಮೆ.

ಈ ಜರಡಿಯಲ್ಲಿ ಹಾಕಿದರೆ 763ರಿಂದ ಮೇಲೆ ಮೊದಲು ಉಳಿಯುವುದು 845. ಅದರ ವರ್ಗದಲ್ಲಿ ಕಳೆದರೆ 132624, ಪೂರ್ಣವರ್ಗ ಅಲ್ಲ. ಮುಂದಿನದು 899. ಅಲ್ಲಿ 226800, ಅದೂ ಅಲ್ಲ. ಆಮೇಲೆ ನೇರ 901. ಅದರ ವರ್ಗ 811801. ಕಳೆದರೆ 230400, ಅಂದರೆ 480ರ ವರ್ಗ! ಇಡೀ ಲೆಕ್ಕದಲ್ಲಿ ನನಗೆ ಅತಿ ಖುಷಿ ಕೊಟ್ಟ ಸಾಲು ಇದು.

901ರಲ್ಲಿ 480 ಕಳೆದರೆ 421, ಕೂಡಿದರೆ 1381. ಅಂದರೆ 581401 = 421 × 1381. ಎರಡೂ ಅವಿಭಾಜ್ಯ. ಸುಮ್ನೆ ಭಾಗಿಸುತ್ತಾ ಹೋಗಿದ್ದರೆ 421 ಸಿಗುವ ಮೊದಲು 81 ಅವಿಭಾಜ್ಯಗಳನ್ನು ದಾಟಬೇಕಿತ್ತು.