ಕದನ ಕಂಡ ನಾಡಿನಲ್ಲಿ ಠಾಣೆ ಕಟ್ಟುವ ಮುನ್ನ

ಯುದ್ಧ ನಿಂತ ಕಡೆ ಪೊಲೀಸ್ ಪಡೆ ಕಟ್ಟಲು ಹೊರಟವರು ಹುದ್ದೆಗಳ ಪಟ್ಟಿ, ಜೀಪು, ತರಬೇತಿಯ ವೇಳಾಪಟ್ಟಿ ಹಿಡಿದು ಬರುತ್ತಾರೆ. ಅವನ್ನು ಮೂರು ವಾರ ಪಕ್ಕಕ್ಕಿಡಿ. ಕಳವೋ ಜಗಳವೋ ಆದಾಗ ಇಲ್ಲಿನ ಜನ ಮೊದಲು ಯಾರ ಬಾಗಿಲು ತಟ್ಟುತ್ತಾರೆ ಎಂಬುದು ಗೊತ್ತಾಗದೆ ಮುಂದಿನ ಯಾವ ಕೆಲಸವೂ ನೆಟ್ಟಗಾಗದು.

"ಪೊಲೀಸರ ಮೇಲೆ ನಂಬಿಕೆ ಇದೆಯೇ?" ಎಂದು ಕೇಳಬೇಡಿ. ಸಮವಸ್ತ್ರ ತೊಟ್ಟವರು ಎದುರಿಗಿದ್ದರೆ ಎಲ್ಲರೂ ಇದೆ ಅಂತಲೇ ಹೇಳುತ್ತಾರೆ. ಹೋದ ಸಲ ದನ ಕಳವಾದಾಗ ಮೊದಲು ಯಾರಿಗೆ ಹೇಳಿದಿರಿ, ಆಮೇಲೆ ಯಾರಿಗೆ, ಎಷ್ಟು ಖರ್ಚಾಯಿತು, ದನ ಸಿಕ್ಕಿತೇ? ಹೀಗೆ ನಡೆದದ್ದನ್ನೇ ಕೇಳಿ. ಹಿರಿಯರು, ಹೆಂಗಸರು, ಯುವಕರು, ಬೇರೆಡೆಯಿಂದ ನಿರಾಶ್ರಿತರಾಗಿ ಬಂದವರು, ಈ ನಾಲ್ಕು ಗುಂಪನ್ನೂ ಬೇರೆ ಬೇರೆಯಾಗಿ ಕೂರಿಸಬೇಕು. ಒಟ್ಟಿಗೆ ಕೂತರೆ ಹಿರಿಯರೊಬ್ಬರೇ ಮಾತಾಡುತ್ತಾರೆ. ದುಭಾಷಿ ಯಾವ ಕುಲದವನೆಂದೂ ವಿಚಾರಿಸಿ. ಎದುರಾಳಿ ಕುಲದವನಾದರೆ ನಿಮಗೆ ಸಿಗುವುದು ಬರೀ ಉಪಚಾರದ ಮಾತು.

ಆಮೇಲೆ ಠಾಣೆಯ ದೂರು ಪುಸ್ತಕ ತೆಗೆಯಿರಿ, ಆರು ತಿಂಗಳದ್ದು. ಪುಟದ ತುಂಬ ಸೈಕಲ್ ಕಳವು, ಕುಡಿದು ಗಲಾಟೆ; ಜಮೀನಿನ ತಕರಾರು ಒಂದೂ ಇಲ್ಲ, ಹೆಂಡತಿಗೆ ಹೊಡೆದದ್ದು ಒಂದೂ ಇಲ್ಲ. ಅಂಥದ್ದು ನಡೆದೇ ಇಲ್ಲ ಅಂತಲ್ಲ, ಅವು ಬೇರೆ ಕಟ್ಟೆಗೆ ಹೋಗಿವೆ. ಪುಸ್ತಕದಲ್ಲಿ ಇಲ್ಲದ್ದನ್ನು ಪಟ್ಟಿ ಮಾಡಿ. ನಿಮ್ಮ ನಿಜವಾದ ಕೆಲಸ ಆ ಪಟ್ಟಿಯಲ್ಲಿದೆ.

ಮುಂದಿನದು ಸಿಬ್ಬಂದಿಯ ಲೆಕ್ಕ. ಪ್ರತಿಯೊಬ್ಬರ ಮನೆಮಾತು, ಕುಲ, ಊರು, ಯುದ್ಧದಲ್ಲಿ ಯಾವ ಕಡೆಯಲ್ಲಿದ್ದರು ಎಂಬುದನ್ನು ಬರೆದು ಬೀಗ ಹಾಕಿಡಿ; ಸೋರಿದರೆ ಅದೇ ಕೊಲೆಪಟ್ಟಿಯಾದೀತು. ಒಟ್ಟು ಸಂಖ್ಯೆ ನೋಡಿ ಸಮಾಧಾನ ಪಡಬೇಡಿ. ದರ್ಜೆವಾರು ನೋಡಿ, ಶಸ್ತ್ರಾಗಾರದ ಕೀಲಿ ಯಾರ ಬಳಿಯಿದೆ ನೋಡಿ. 2000ರಲ್ಲಿ ಸಾಲೊಮನ್ ದ್ವೀಪಗಳ ರಾಜಧಾನಿ ಹೊನಿಯಾರಾದಲ್ಲಿ ಮಲೈಟಾ ದ್ವೀಪದ ಬಂಡುಕೋರರು ಪೊಲೀಸ್ ಶಸ್ತ್ರಾಗಾರವನ್ನು ವಶಪಡಿಸಿಕೊಂಡಾಗ ಒಳಗಿನ ಪೊಲೀಸರೇ ಅವರ ಜೊತೆಗಿದ್ದರು. ಪೂರ್ವ ತಿಮೋರಿನಲ್ಲಿ ಸೇನೆ ದೇಶದ ಪೂರ್ವ ಭಾಗದವರದು, ಪೊಲೀಸ್ ಪಶ್ಚಿಮ ಭಾಗದವರದು ಎಂಬ ಭಾವನೆ ಬೇರೂರಿತ್ತು. 2006ರಲ್ಲಿ ರಾಜಧಾನಿ ದಿಲಿಯಲ್ಲಿ ಸೈನಿಕರು ಪೊಲೀಸರ ಮೇಲೆಯೇ ಗುಂಡು ಹಾರಿಸಿದರು, ಅಲ್ಲಿನ ಪೊಲೀಸ್ ಪಡೆ ಚದುರಿಹೋಯಿತು.

ಈ ಅಸಮತೋಲ ಸರಿಪಡಿಸಲು ವರ್ಷಗಳೇ ಬೇಕು. ಉತ್ತರ ಐರ್ಲೆಂಡಿನಲ್ಲಿ ಪ್ರೊಟೆಸ್ಟಂಟರೇ ತುಂಬಿದ್ದ ಹಳೆಯ ಪೊಲೀಸ್ ಪಡೆಯಲ್ಲಿ ಕ್ಯಾಥೊಲಿಕರು ಸುಮಾರು 8 ಶೇಕಡಾ. ಪೊಲೀಸ್ ಸುಧಾರಣೆ ಕುರಿತ 1999ರ ಪ್ಯಾಟನ್ ವರದಿಯ ನಂತರ, 2001ರಿಂದ 2011ರವರೆಗೆ ಹೊಸ ನೇಮಕದಲ್ಲಿ ಅರ್ಧ ಅವರಿಗೇ ಮೀಸಲಿಟ್ಟರೂ ಪಾಲು 30 ಶೇಕಡಾದ ಆಸುಪಾಸಿಗಷ್ಟೇ ಬಂತು. ಅಲ್ಲಿ ಹೆಸರೂ ಬದಲಾಯಿತು, ಲಾಂಛನವೂ ಬದಲಾಯಿತು: ಹಳೆಯ ಕಿರೀಟ, ಹಾರ್ಪ್ ವಾದ್ಯ, ಶ್ಯಾಮ್‌ರಾಕ್ ಎಲೆ ಹೋಗಲಿಲ್ಲ, ಆದರೆ ಅವುಗಳ ಜೊತೆಗೆ ತಕ್ಕಡಿ, ಪಂಜು, ಆಲಿವ್ ರೆಂಬೆ ಸೇರಿದವು. ಇದೆಲ್ಲ ತೋರಿಕೆ ಎನ್ನುವವರಿದ್ದಾರೆ. ಟೋಪಿಯ ಮೇಲಿನ ಗುರುತಿಗೆ ಹೆದರಿ ಬೆಳೆದವರು ಹಾಗೆನ್ನುವುದಿಲ್ಲ.

ಎಲ್ಲಕ್ಕಿಂತ ಕಷ್ಟದ್ದು ನಂಟಿನ ಋಣ. ಸಾಲೊಮನ್‌ನಲ್ಲಿ ಇದಕ್ಕೆ ವಾನ್‌ಟೋಕ್ ಎನ್ನುತ್ತಾರೆ, ಒಂದೇ ಮಾತಿನವರು ಎಂದರ್ಥ. ದಾಯಾದಿಯನ್ನು ಹಿಡಿಯಲು ಹಿಂಜರಿಯುವ ಪೇದೆಯನ್ನು ಲಂಚಕೋರನೆಂದು ಬೈದರೆ ಏನೂ ಆಗದು. ಹಿಡಿದರೆ ಅವನ ತಾಯಿಗೆ ಊರಲ್ಲಿ ನೀರು ಸಿಗದು. ಹಾಗಂತ ಎಲ್ಲರನ್ನೂ ದೂರದೂರಿಗೆ ವರ್ಗ ಮಾಡಿದರೆ ಭಾಷೆ ಬಲ್ಲವರೇ ಇಲ್ಲದಂತಾಗುತ್ತದೆ. ಕೆಲಸ ಹಂಚುವುದೇ ದಾರಿ: ಬಂಧಿಸುವುದು ಹೊರಗಿನವನು, ಮನೆಯವರಿಗೆ ವಿಷಯ ತಿಳಿಸುವುದು ಒಳಗಿನವನು. ಈ ನಿಯಮ ಬರಹದಲ್ಲಿರಲಿ. "ನನ್ನ ಕೈಲಿಲ್ಲ, ಮೇಲಿನ ಆದೇಶ" ಎಂದು ತೋರಿಸಲು ಅವನಿಗೊಂದು ಕಾಗದ ಬೇಕು.

ಹಿರಿಯರೊಂದಿಗೆ ಒಪ್ಪಂದಕ್ಕೆ ಕೂತಾಗ ಯಾವುದು ಅವರದು, ಯಾವುದು ಠಾಣೆಯದು ಎಂದು ಗೆರೆ ಎಳೆಯಿರಿ. ಗಡಿಕಲ್ಲು, ಬೆಳೆ ಮೇದ ದನ, ಬೈಗುಳ ಅವರಿಗಿರಲಿ. ಕೊಲೆ, ಬಂದೂಕು, ಅತ್ಯಾಚಾರ, ಮಕ್ಕಳ ಮೇಲಿನ ದೌರ್ಜನ್ಯ ಮೊದಲು ಠಾಣೆಗೇ ಬರಬೇಕು. ಸೊಮಾಲಿಯಾದ ಹೀರ್ ಎಂಬ ಕುಲ ಕಟ್ಟಳೆಯಲ್ಲಿ ಗಂಡಸಿನ ಕೊಲೆಗೆ ನೂರು ಒಂಟೆ ಪರಿಹಾರ. ಸೇಡಿನ ಸರಣಿ ತಡೆಯುವುದರಲ್ಲಿ ಅದು ಗಟ್ಟಿ. ಅತ್ಯಾಚಾರದಲ್ಲಿ ಮಾತ್ರ ಪರಿಹಾರ ಕುಲದಿಂದ ಕುಲಕ್ಕೆ ಹೋಗುತ್ತದೆ, ಹೆಣ್ಣಿನ ಮಾತಿಗೆ ಬೆಲೆಯಿಲ್ಲ. ಆದ್ದರಿಂದ ಪ್ರತಿ ಠಾಣೆಗೂ ಕನಿಷ್ಠ ಇಬ್ಬರು ಮಹಿಳಾ ಪೊಲೀಸರು ಬೇಕು, ಹಿಂಬದಿಯಿಂದ ಬರುವ ಬಾಗಿಲಿನ ಪ್ರತ್ಯೇಕ ಕೋಣೆ ಬೇಕು. ಒಬ್ಬಳೇ ಇದ್ದರೆ ಅವಳ ರಜೆಯ ದಿನ ಬಂದ ದೂರುದಾರಳು ಮತ್ತೆ ಬರುವುದಿಲ್ಲ. ಸಿಯೆರಾ ಲಿಯೋನ್ 2001ರಲ್ಲಿ ಇಂಥ ದೂರುಗಳಿಗೆಂದೇ ಕುಟುಂಬ ನೆರವು ಘಟಕ ತೆರೆಯಿತು.

ಆರು ತಿಂಗಳ ಬಳಿಕ ಅದೇ ದೂರು ಪುಸ್ತಕ ಮತ್ತೆ ತೆರೆಯಿರಿ. ಕೆಲಸ ಹಿಡಿದಿದ್ದರೆ ದೂರುಗಳು ಏರಿರುತ್ತವೆ, ಮೇಲಿನವರು ಅಪರಾಧ ಹೆಚ್ಚಿತೆಂದು ಹೌಹಾರುತ್ತಾರೆ. ಈ ಏರಿಕೆ ಬರಲಿದೆ ಎಂದು ಮೊದಲ ವರದಿಯಲ್ಲೇ ಬರೆದು ಸಹಿ ಹಾಕಿಸಿಕೊಂಡಿರಿ.