ಅಮೆರಿಕದಲ್ಲಿ ಪ್ರೀ-ಮೆಡ್: ರ‍್ಯಾಂಕಿಂಗ್ ಪಟ್ಟಿ ಮಡಚಿಟ್ಟು ಕಾಲೇಜು ಆರಿಸೋದು ಹೇಗೆ

ಮಗಳು ಹನ್ನೊಂದನೇ ಕ್ಲಾಸಿನಲ್ಲಿದ್ದಾಗ ಯುಗಾದಿ ಪಾಟ್‌ಲಕ್‌ನಲ್ಲಿ ಒಬ್ಬರು ನನ್ನ ತಟ್ಟೆಗೆ ಒಬ್ಬಟ್ಟು ಹಾಕುತ್ತಾ ಕೇಳಿದರು, "ಪ್ರೀ-ಮೆಡ್‌ಗೆ ಒಳ್ಳೆ ಕಾಲೇಜು ಯಾವುದು ಅಂತ ನೋಡಿದ್ರಾ?" ನೋಡಿರಲಿಲ್ಲ. ಅವತ್ತು ರಾತ್ರಿ ಎರಡು ಗಂಟೆವರೆಗೂ ರ‍್ಯಾಂಕಿಂಗ್ ಪಟ್ಟಿ ಮುಂದಿಟ್ಟುಕೊಂಡು ಕೂತೆ. ಎರಡು ವಾರ ಇದೇ ಕಥೆ. ಆಮೇಲೆ ಗೊತ್ತಾಯಿತು, ನಾನು ಹುಡುಕುತ್ತಿದ್ದದ್ದು ಇಲ್ಲದ ವಸ್ತುವನ್ನು.

ಪ್ರೀ-ಮೆಡ್ ಅನ್ನೋದು ಕೋರ್ಸಲ್ಲ, ಮೆಡಿಕಲ್ ಸ್ಕೂಲ್ ಸೇರೋಕೆ ಮುಂಚಿನ ತಯಾರಿ. ಊರಲ್ಲಾದರೆ ಪಿಯುಸಿ, ನೀಟ್, ನೇರ ಎಂಬಿಬಿಎಸ್. ಇಲ್ಲಿ ಮೊದಲು ನಾಲ್ಕು ವರ್ಷದ ಡಿಗ್ರಿ, ಅದೂ ಯಾವ ವಿಷಯದಲ್ಲಾದರೂ ಸರಿ, ಇತಿಹಾಸ ಓದಿದರೂ ಯಾರೂ ಬೇಡ ಅನ್ನಲ್ಲ. ಅದರ ಜೊತೆಗೆ ಬಯಾಲಜಿ, ಜನರಲ್ ಕೆಮಿಸ್ಟ್ರಿ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಫಿಸಿಕ್ಸ್, ಬಯೋಕೆಮಿಸ್ಟ್ರಿ ಮುಗಿಸಿರಬೇಕು, ಎಂಕ್ಯಾಟ್ ಅನ್ನುವ ಮೆಡಿಕಲ್ ಪ್ರವೇಶ ಪರೀಕ್ಷೆ ಬರೆಯಬೇಕು. ಆಮೇಲೆ ನಾಲ್ಕು ವರ್ಷ ಮೆಡಿಕಲ್ ಸ್ಕೂಲ್, ಅದಾದ ಮೇಲೆ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿ ತರಬೇತಿ. ಈ ವಿಷಯಗಳು ಹೆಚ್ಚುಕಡಿಮೆ ಎಲ್ಲ ಕಾಲೇಜಲ್ಲೂ ಸಿಗುತ್ತವೆ. ಹಾಗಾಗಿ "ಪ್ರೀ-ಮೆಡ್ ಇದೆಯಾ?" ಅಂತ ಕೇಳಿ ಪ್ರಯೋಜನವಿಲ್ಲ. ನಮ್ಮ ಮಗು ಇಲ್ಲಿ ಒಳ್ಳೆ ಅಂಕ ತೆಗೆದು, ಸಾಲ ಜಾಸ್ತಿ ಮಾಡಿಕೊಳ್ಳದೆ, ಮನಸ್ಸು ಮುರಿಯದೆ ನಾಲ್ಕು ವರ್ಷ ಮುಗಿಸುತ್ತಾ? ಅದನ್ನು ನೋಡಬೇಕು.

ಕಾಲೇಜಿಗಿಂತ ಮೊದಲು ವೀಸಾ ನೋಡಿ. ಇದನ್ನು ಪಾಟ್‌ಲಕ್‌ನಲ್ಲಿ ಯಾರೂ ಹೇಳಲ್ಲ. ಮಗು ಇಲ್ಲಿನ ಸಿಟಿಜನ್ ಆಗಿದ್ದರೆ ಅಥವಾ ಗ್ರೀನ್ ಕಾರ್ಡ್ ಇದ್ದರೆ ಈ ಪ್ಯಾರಾ ಬಿಟ್ಟು ಮುಂದೆ ಹೋಗಿ. ಮೂರು ವರ್ಷದ ಕೂಸಾಗಿ ಎಚ್-4ನಲ್ಲಿ (ಅಪ್ಪ-ಅಮ್ಮನ ಕೆಲಸದ ವೀಸಾ ಜೊತೆ ಸಿಗುವ ಕುಟುಂಬದ ವೀಸಾ) ಬಂದು ಇಲ್ಲೇ ಬೆಳೆದ ಮಗುವಾದರೆ, ಅದು ಎಷ್ಟೇ ಅಮೆರಿಕನ್ ಥರ ಮಾತಾಡಿದರೂ, 21 ತುಂಬಿದ ದಿನ ಎಚ್-4 ಮುಗಿಯುತ್ತದೆ, ಎಫ್-1 ಸ್ಟೂಡೆಂಟ್ ವೀಸಾಕ್ಕೋ ಇನ್ನೊಂದಕ್ಕೋ ಬದಲಾಗಬೇಕು, ಮತ್ತು ನಮ್ಮವರ ಗ್ರೀನ್ ಕಾರ್ಡ್ ಸಾಲು ಹತ್ತು ವರ್ಷಕ್ಕೂ ಉದ್ದ ಇದೆ. ಹೆಚ್ಚಿನ ಮೆಡಿಕಲ್ ಸ್ಕೂಲ್‌ಗಳು ವೀಸಾದಲ್ಲಿರುವವರ ಅರ್ಜಿಯನ್ನೇ ತೆಗೆದುಕೊಳ್ಳುವುದಿಲ್ಲ. ತೆಗೆದುಕೊಳ್ಳುವವುಗಳಲ್ಲೂ ಕೆಲವು, ವರ್ಷಗಟ್ಟಲೆಯ ಫೀಸನ್ನು ಮುಂಚೆಯೇ ಖಾತೆಯಲ್ಲಿ ಇಟ್ಟು ತೋರಿಸಿ ಅನ್ನುತ್ತವೆ. ಸರ್ಕಾರಿ ಸಾಲವೂ ಸಿಗಲ್ಲ. ಇದು ಮೂರನೇ ವರ್ಷದಲ್ಲಿ ಗೊತ್ತಾಗಿ ಅತ್ತ ಮನೆ ನನಗೆ ಗೊತ್ತು. ಇಂಥ ಪರಿಸ್ಥಿತಿ ಇದ್ದರೆ ಡಿಗ್ರಿಯೇ ಕೈಹಿಡಿಯುವಂಥದ್ದನ್ನು ಆರಿಸಿ: ಬಯೋಮೆಡಿಕಲ್ ಎಂಜಿನಿಯರಿಂಗ್, ಕಂಪ್ಯೂಟರ್, ಸ್ಟ್ಯಾಟಿಸ್ಟಿಕ್ಸ್ ಚೆನ್ನಾಗಿರುವ ಕಾಲೇಜು.

ಇನ್ನು ಕಾಲೇಜಿನವರ ಲೆಕ್ಕ. ಟೂರ್‌ಗೆ ಹೋದಲ್ಲೆಲ್ಲ ಒಂದು ಮಾತು ಕೇಳಿಬರುತ್ತದೆ: "ನಮ್ಮಲ್ಲಿ ಶೇಕಡಾ 90 ಜನಕ್ಕೆ ಮೆಡಿಕಲ್ ಸೀಟ್ ಸಿಕ್ಕಿದೆ." ಇಡೀ ದೇಶದಲ್ಲಿ ವರ್ಷಕ್ಕೆ 50,000ಕ್ಕೂ ಜಾಸ್ತಿ ಜನ ಎಂ.ಡಿ.ಗೆ (ಇಲ್ಲಿ ಮೆಡಿಕಲ್ ಸ್ಕೂಲಿನ ಮೊದಲ ಡಿಗ್ರಿಯೇ ಎಂ.ಡಿ.) ಅರ್ಜಿ ಹಾಕುತ್ತಾರೆ, ಸೇರುವವರು ಸುಮಾರು 23,000. ಅಂದರೆ ಅರ್ಧಕ್ಕಿಂತ ಕಡಿಮೆ. ಹಾಗಿದ್ದರೆ ಇವರ 90 ಎಲ್ಲಿಂದ ಬಂತು? ಸುಮ್ನೆ ಒಂದು ಲೆಕ್ಕ ಹಾಕಿ ನೋಡಿ. ಮೊದಲ ವರ್ಷ ಪ್ರೀ-ಮೆಡ್ ಅಂದುಕೊಂಡು ಕೆಮಿಸ್ಟ್ರಿಗೆ ಕೂತವರು 300. ಆರ್ಗ್ಯಾನಿಕ್ ದಾಟುವಷ್ಟರಲ್ಲಿ 120. ಕೊನೆಗೆ ಅರ್ಜಿ ಹಾಕಬೇಕು ಅಂದವರು 80, ಅದರಲ್ಲಿ ಕಾಲೇಜಿನ ಸಮಿತಿ ಶಿಫಾರಸು ಪತ್ರ ಕೊಟ್ಟಿದ್ದು 50 ಜನಕ್ಕೆ. 45 ಜನಕ್ಕೆ ಸೀಟು ಸಿಕ್ಕಿತು. ಆಯಿತಲ್ಲ, ಶೇಕಡಾ 90! ಸುಳ್ಳು ಹೇಳಿಲ್ಲ, ಆದರೆ ಉಳಿದ 255 ಮಕ್ಕಳ ಸುದ್ದಿ ಆ ಬಣ್ಣದ ಕಾಗದದಲ್ಲಿ ಇರಲ್ಲ.

ಅದಕ್ಕೇ ನಾನು ಕಾಲೇಜುಗಳಲ್ಲಿ ಪ್ರೀ-ಮೆಡ್ ಮಕ್ಕಳಿಗೆ ಸಲಹೆ ಕೊಡುವ ಪ್ರೀ-ಹೆಲ್ತ್ ಅಡ್ವೈಸಿಂಗ್ ಆಫೀಸಿಗೆ ಇಮೇಲ್ ಬರೆಯುವಾಗ ಶೇಕಡಾ ಕೇಳುತ್ತಲೇ ಇರಲಿಲ್ಲ. ಮೊದಲ ವರ್ಷ ಎಷ್ಟು ಜನ ಶುರು ಮಾಡುತ್ತಾರೆ, ಕೊನೆಗೆ ಎಷ್ಟು ಜನ ಅರ್ಜಿ ಹಾಕುತ್ತಾರೆ? ಸಮಿತಿ ಪತ್ರಕ್ಕೆ ಜಿಪಿಎ (4ಕ್ಕೆ ಲೆಕ್ಕ ಹಾಕುವ ಸರಾಸರಿ ಅಂಕ) ಇಷ್ಟಿರಬೇಕು ಅಂತ ಗೆರೆ ಇದೆಯಾ? ಒಬ್ಬ ಅಡ್ವೈಸರ್‌ಗೆ ಎಷ್ಟು ಮಕ್ಕಳು? ಒಂದು ಪುಟ್ಟ ಕಾಲೇಜಿನವರು ಎರಡೇ ದಿನದಲ್ಲಿ ನಂಬರ್ ಸಮೇತ ಉತ್ತರ ಬರೆದರು. ತುಂಬಾ ದೊಡ್ಡ ಹೆಸರಿನ ಒಂದು ಕಡೆ ಮೂರು ಸಲ ಬರೆದರೂ ಬಂದದ್ದು ಹೊಸ ಜಿಮ್ಮಿನ ವಿಡಿಯೊ ಲಿಂಕ್.

ಅಂಕದ ವಿಷಯದಲ್ಲಿ ನಾನು ಸ್ವಲ್ಪ ಕಠಿಣ. ಎಂ.ಡಿ.ಗೆ ಸೇರುವವರ ಸರಾಸರಿ ಜಿಪಿಎ 3.8ರ ಹತ್ತಿರ ಇರುತ್ತದೆ, ಎಂಕ್ಯಾಟ್ 528ಕ್ಕೆ ಸುಮಾರು 511-512. ಅರ್ಜಿಯಲ್ಲಿ ವಿಜ್ಞಾನ ಮತ್ತು ಗಣಿತದ ಜಿಪಿಎ ಬೇರೆಯಾಗಿ ಲೆಕ್ಕವಾಗುತ್ತದೆ, ಫೇಲಾಗಿ ಮತ್ತೆ ಓದಿದರೆ ಎರಡೂ ಗ್ರೇಡ್ ಸೇರುತ್ತವೆ, ಸಮ್ಮರ್‌ನಲ್ಲಿ ಕಮ್ಯುನಿಟಿ ಕಾಲೇಜಲ್ಲಿ ಮಾಡಿದ್ದೂ ಸೇರುತ್ತದೆ. ಕಾಲೇಜಿನ ಹೆಸರು ಸ್ವಲ್ಪ ಸಹಾಯ ಮಾಡಬಹುದು, ಆದರೆ 3.3 ಜಿಪಿಎಯನ್ನು ಅದು ಎತ್ತಿ ನಿಲ್ಲಿಸಲ್ಲ. ಪ್ರಿನ್ಸ್‌ಟನ್‌ನಲ್ಲಿ 2004ರಿಂದ 2014ರವರೆಗೆ 'ಎ' ಗ್ರೇಡ್ ಶೇಕಡಾ 35ರ ಆಸುಪಾಸಿನಲ್ಲೇ ಇರಬೇಕು ಅನ್ನುವ ನೀತಿಯೇ ಇತ್ತು, ಆಮೇಲೆ ಕೈಬಿಟ್ಟರು. ಕ್ಲಾಸಿನ ಸರಾಸರಿಗೆ 'ಬಿ-' ಕೊಡುವ ಪದ್ಧತಿ ಎಲ್ಲೆಲ್ಲಿ ಇದೆ ಅಂತ ಅಲ್ಲಿ ಓದುತ್ತಿರುವ ಮಕ್ಕಳನ್ನೇ ಕೇಳಿ. ಟೂರ್ ಗೈಡನ್ನು ಬೇಡ, ಕ್ಯಾಂಟೀನಿನಲ್ಲಿ ಕಣ್ಣು ಕೆಂಪಗಾಗಿ ಕೂತವರನ್ನು ಕೇಳಿ. ಹೈಸ್ಕೂಲಲ್ಲೇ ಕಾಲೇಜು ಮಟ್ಟದಲ್ಲಿ ಓದುವ ಎಪಿ ಕೆಮಿಸ್ಟ್ರಿಯಲ್ಲಿ 5ಕ್ಕೆ 5 ಬಂದಿದೆ, ಒಂದು ವರ್ಷ ಉಳಿಯಿತು ಅಂತಲೂ ಕುಣಿಯಬೇಡಿ. ಹಲವು ಮೆಡಿಕಲ್ ಸ್ಕೂಲ್‌ಗಳು ಎಪಿ ಕ್ರೆಡಿಟ್ ಒಪ್ಪುವುದಿಲ್ಲ, ಇಲ್ಲವೇ ಅದರ ಮೇಲೆ ಇನ್ನೊಂದು ದೊಡ್ಡ ಕೋರ್ಸ್ ಕೇಳುತ್ತವೆ.

ಹತ್ತಿರದಲ್ಲಿ ಆಸ್ಪತ್ರೆ ಇರಬೇಕು. ಕಾರಿಲ್ಲದೆ ಹೋಗಿಬರುವಷ್ಟು ಹತ್ತಿರ. ವಾಲಂಟಿಯರಿಂಗ್, ಸ್ಕ್ರೈಬ್ ಕೆಲಸ (ಡಾಕ್ಟರ ಪರವಾಗಿ ರೋಗಿಯ ವಿವರ ಬರೆದುಕೊಳ್ಳುವುದು), ಡಾಕ್ಟರ ಹಿಂದೆ ನಿಂತು ನೋಡುವುದು, ಇವಿಲ್ಲದ ಅರ್ಜಿ ಮುಂದೆ ಹೋಗಲ್ಲ.

ರಾಜ್ಯದ ಲೆಕ್ಕವೂ ಇದೆ. ಟೆಕ್ಸಾಸ್‌ನ ಸರ್ಕಾರಿ ಮೆಡಿಕಲ್ ಸ್ಕೂಲ್‌ಗಳು ಹತ್ತರಲ್ಲಿ ಒಂಬತ್ತು ಸೀಟು ತಮ್ಮ ರಾಜ್ಯದವರಿಗೇ ಇಡುತ್ತವೆ. ಕ್ಯಾಲಿಫೋರ್ನಿಯಾದಲ್ಲಿ ಅರ್ಜಿದಾರರು ವಿಪರೀತ, ಬಹಳ ಮಕ್ಕಳು ರಾಜ್ಯ ಬಿಟ್ಟೇ ಹೋಗಬೇಕು. ಸುಮ್ನೆ ಟೆಕ್ಸಾಸ್ ಕಾಲೇಜಿಗೆ ಡಿಗ್ರಿಗೆ ಸೇರಿದ ಮಾತ್ರಕ್ಕೆ ಮಗು ಟೆಕ್ಸಾಸಿನವರಾಗಲ್ಲ, ಸಾಮಾನ್ಯವಾಗಿ ಅಪ್ಪ-ಅಮ್ಮ ಇರುವ ರಾಜ್ಯವೇ ಲೆಕ್ಕಕ್ಕೆ ಬರುವುದು.

ಈಗ ದುಡ್ಡು. ಖಾಸಗಿ ಮೆಡಿಕಲ್ ಸ್ಕೂಲಿನ ನಾಲ್ಕು ವರ್ಷದ ಒಟ್ಟು ಖರ್ಚು ಹಲವು ಕಡೆ 3 ಲಕ್ಷ ಡಾಲರ್ ದಾಟುತ್ತದೆ. ಮೊದಲು ಬೇಕಾದಷ್ಟು ಸರ್ಕಾರಿ ಸಾಲ ಸಿಗುತ್ತಿತ್ತು. 2026ರ ಜುಲೈ 1ರಿಂದ ಹೊಸದಾಗಿ ಸಾಲ ತೆಗೆಯುವವರಿಗೆ ವರ್ಷಕ್ಕೆ 50,000, ಒಟ್ಟು 2 ಲಕ್ಷ ಡಾಲರ್ ಅಂತ ಮಿತಿ ಬಂದಿದೆ. ಅದಕ್ಕೇ ಡಿಗ್ರಿಗೆ ಕೈಯಲ್ಲಿರುವುದನ್ನೆಲ್ಲ ಸುರಿಯಬೇಡಿ. ಪ್ರತಿ ಕಾಲೇಜಿನ ಜಾಲತಾಣದಲ್ಲೂ ಸಹಾಯಧನ ಕಳೆದು ನಮಗೆ ಬೀಳುವ ಖರ್ಚನ್ನು ಅಂದಾಜು ಮಾಡುವ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಇರುತ್ತದೆ, ಅರ್ಜಿ ಹಾಕುವ ಮುಂಚೆ ಅರ್ಧ ಗಂಟೆ ಕೂತು ತುಂಬಿಸಿ. ಸ್ಕಾಲರ್‌ಶಿಪ್ ಕೊಡುವ ರಾಜ್ಯದ ಯೂನಿವರ್ಸಿಟಿ, ಬ್ರಾಂಡ್ ಹೆಸರಿನ ಎದುರು ಎಷ್ಟೋ ಸಲ ಗೆಲ್ಲುತ್ತದೆ. ನಮ್ಮ ಮನೆಯಲ್ಲಿ ಈ ಮಾತಿಗೆ ಒಂದು ವಾರ ಜಗಳ ಆಯಿತು, ಅದು ಬೇರೆ ವಿಷಯ.

ಬಿಎಸ್-ಎಂಡಿ ಕೇಳೇ ಕೇಳುತ್ತೀರಿ, ಅಲ್ವಾ? ಹೈಸ್ಕೂಲಿನಿಂದಲೇ ಮೆಡಿಕಲ್ ಸೀಟು ಕಾದಿರಿಸುವ ದಾರಿ ಅದು. ಬ್ರೌನ್‌ನಲ್ಲಿ 8 ವರ್ಷ, ಕಾಲೇಜ್ ಆಫ್ ನ್ಯೂಜೆರ್ಸಿ ಮತ್ತು ರಟ್‌ಗರ್ಸ್ ಸೇರಿ ನಡೆಸುವುದು 7 ವರ್ಷ, ಕಾನ್ಸಾಸ್ ಸಿಟಿಯ ಮಿಸ್ಸೌರಿ ಯೂನಿವರ್ಸಿಟಿಯಲ್ಲಿ 6. ನಮ್ಮವರಿಗೆ ಇದು ಎಂಬಿಬಿಎಸ್ ಥರ ಕಾಣುವುದರಿಂದ ಎಲ್ಲರೂ ಮುಗಿಬೀಳುತ್ತಾರೆ. ಸೀಟು ಬೆರಳೆಣಿಕೆಯಷ್ಟು. ಮಗುವಿಗೆ ನಿಜವಾಗಲೂ ಆಸ್ಪತ್ರೆಯ ಹುಚ್ಚು ಇದ್ದರೆ ಎರಡು ಮೂರು ಕಡೆ ಹಾಕಿ, ಆದರೆ ಅದನ್ನೇ ನಂಬಿ ಕೂರಬೇಡಿ. ಹದಿನೇಳಕ್ಕೆ ಡಾಕ್ಟರ್ ಅಂದವರಲ್ಲಿ ಎಷ್ಟೋ ಜನ ಹತ್ತೊಂಬತ್ತಕ್ಕೆ ಅರ್ಥಶಾಸ್ತ್ರ ಅನ್ನುತ್ತಾರೆ. ಹಾಗಂದಾಗ ಉಳಿದ ವಿಭಾಗಗಳೂ ಚೆನ್ನಾಗಿರುವ ಕಾಲೇಜಿನಲ್ಲಿದ್ದರೆ ಒಳ್ಳೆಯದು.

ಮಗಳ ಪಟ್ಟಿ ಕೊನೆಗೆ ಒಂಬತ್ತಕ್ಕೆ ನಿಂತಿತು. ಸಿಕ್ಕೇ ಸಿಗುತ್ತದೆ ಮತ್ತು ಫೀಸೂ ಕೈಗೆಟುಕುತ್ತದೆ ಅನ್ನುವಂಥವು ಎರಡು, ನಡುವಿನವು ನಾಲ್ಕು, ಆಸೆಯವು ಮೂರು. ಅರ್ಲಿ ಡಿಸಿಷನ್ (ಒಂದೇ ಕಾಲೇಜಿಗೆ ಮುಂಚಿತವಾಗಿ ಹಾಕುವ ಅರ್ಜಿ) ಹಾಕಲಿಲ್ಲ, ಯಾಕಂದ್ರೆ ಅಲ್ಲಿ ಸೀಟು ಸಿಕ್ಕರೆ ಸೇರಲೇಬೇಕು, ಬೇರೆಯವರ ಸ್ಕಾಲರ್‌ಶಿಪ್ ಹೋಲಿಸಿ ನೋಡುವ ಹಾಗಿಲ್ಲ. ಹಲವು ಕಾಲೇಜುಗಳಿಗೆ ಒಂದೇ ಕಡೆ ಅರ್ಜಿ ಹಾಕುವ ಕಾಮನ್ ಆ್ಯಪ್ ಆಗಸ್ಟ್ 1ಕ್ಕೆ ತೆರೆಯುತ್ತದೆ, ಅರ್ಲಿ ಗಡುವು ಬಹಳ ಕಡೆ ನವೆಂಬರ್ 1. ಅಡ್ವೈಸಿಂಗ್ ಆಫೀಸುಗಳಿಗೆ ಜೂನ್‌ನಲ್ಲೇ ಇಮೇಲ್ ಕಳಿಸಿಬಿಡಿ, ಸೆಪ್ಟೆಂಬರ್ ಬಂತೆಂದರೆ ಅವರಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರಲ್ಲ.