ಇಸಿಜಿ ಸರಿ ಇದೆ ಅಂದ ಮೇಲೆ ಎದೆನೋವಿಗೆ ನಾನು ಮಾಡಿದ್ದು

ನಾನು ದಾವಣಗೆರೆಯಲ್ಲಿ ಒಂದು ಚಿಕ್ಕ ಹೋಟೆಲ್ ನಡೆಸುತ್ತೇನೆ. ಬೆಳಿಗ್ಗೆ ಬೆಣ್ಣೆ ದೋಸೆ, ಸಂಜೆ ಮಿರ್ಚಿ ಮಂಡಕ್ಕಿ. ಶಟರ್ ಎಳೆದು, ಲೆಕ್ಕ ಮುಗಿಸಿ ಮನೆ ಸೇರುವಾಗ ರಾತ್ರಿ ಹನ್ನೊಂದಾಗುತ್ತಿತ್ತು. ಆಮೇಲೆ ಊಟ, ಊಟ ಮುಗಿದ ಕೂಡಲೇ ಹಾಸಿಗೆ. ನಮ್ಮ ಕಸುಬಿನವರಲ್ಲಿ ಬಹಳ ಜನರ ದಿನಚರಿ ಇದೇ. ಎದೆನೋವು ಶುರುವಾಗುತ್ತಿದ್ದುದು ಮಲಗಿದ ಮೇಲೆ. ಎದೆಯ ನಡುವಿನ ಮೂಳೆಯ ಹಿಂದೆ ಒತ್ತಿದ ಹಾಗೆ, ಜೊತೆಗೆ ಉರಿ. ಕೆಲವು ಸಲ ಬೆನ್ನಿಗೂ ಹಬ್ಬುತ್ತಿತ್ತು. ಎದ್ದು ಕೂತರೆ ಕಡಿಮೆ, ಬಗ್ಗಿದರೆ ಜಾಸ್ತಿ. ಬಾಯಿಗೆ ಹುಳಿ ನೀರು ಬೇರೆ.

ಇಷ್ಟೆಲ್ಲ ನೋಡಿದರೆ ಅಸಿಡಿಟಿ ಅಂತಲೇ ಅನಿಸುತ್ತದೆ, ಅಲ್ವಾ? ಆದರೂ ಮೊದಲು ಆಸ್ಪತ್ರೆಗೇ ಹೋದೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡಾಗ ಅವರಿಗೆ ಬರೀ 46 ವರ್ಷ. ಅದಾದ ಮೇಲೆ ಎದೆನೋವನ್ನು ‘ಗ್ಯಾಸ್ ಇರಬೇಕು ಬಿಡು’ ಅನ್ನಲು ನನಗೆ ಧೈರ್ಯವಿಲ್ಲ. ಇಸಿಜಿ ಮಾಡಿದರು. ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯಾ ಅಂತ ತೋರಿಸುವ ಟ್ರೋಪೋನಿನ್ ಅಂತ ಒಂದು ರಕ್ತ ಪರೀಕ್ಷೆ ಮಾಡಿದರು, ಕೆಲವು ಗಂಟೆ ಬಿಟ್ಟು ಅದನ್ನೇ ಮತ್ತೆ ಮಾಡಿದರು. ಮೊದಲ ಇಸಿಜಿ ಸರಿ ಬಂದರೂ ಹೃದಯಾಘಾತ ಆಗಿರಬಹುದು, ಅದಕ್ಕೇ ಎರಡನೇ ಸಲ ನೋಡುವುದು. ಸಕ್ಕರೆ ಕಾಯಿಲೆ ಇರುವವರಲ್ಲಿ, ಹೆಂಗಸರಲ್ಲಿ ಹೃದಯದ ತೊಂದರೆ ಬರೀ ಹೊಟ್ಟೆಯುಬ್ಬರ, ಸುಸ್ತಿನ ಹಾಗೂ ಕಾಣಿಸಬಹುದು.

ಹೃದಯದ ನೋವು, ಹೊಟ್ಟೆಯ ಆಸಿಡ್ ಅನ್ನನಾಳಕ್ಕೆ ಉಕ್ಕಿ ಬರುವ ನೋವು, ಎರಡೂ ಒಂದೇ ಥರ ಯಾಕಿರುತ್ತವೆ ಅಂತ ಡಾಕ್ಟರನ್ನು ಕೇಳಿದೆ. ಅನ್ನನಾಳ ಹೋಗುವುದು ಹೃದಯದ ಹಿಂದೆಯೇ. ಎರಡರ ನೋವೂ ಬೆನ್ನುಹುರಿಯ ಹತ್ತಿರಹತ್ತಿರದ ಜಾಗಗಳಿಗೇ ಹೋಗಿ ಸೇರುತ್ತದೆ. ಎಲ್ಲಿಂದ ಬಂತು ಅಂತ ಮೆದುಳಿಗೆ ಸರಿಯಾಗಿ ಗೊತ್ತಾಗುವುದಿಲ್ಲ. ಇನ್ನೊಂದು ಮಾತು ನನಗೆ ಹೊಸದು. ಅಸಿಡಿಟಿಗೆ ಕುಡಿಯುವ ಜೆಲುಸಿಲ್‌ನಿಂದ ಕಡಿಮೆಯಾಯಿತು ಅಂದ ಮಾತ್ರಕ್ಕೆ ಹೃದಯದ್ದಲ್ಲ ಅಂತ ಹೇಳಲಾಗದು. ಹೃದಯದ ನೋವಿಗೆ ನಾಲಿಗೆ ಕೆಳಗಿಡುವ ಸಾರ್ಬಿಟ್ರೇಟ್ ಮಾತ್ರೆ ಇಟ್ಟಾಗ ಕಡಿಮೆಯಾಯಿತು ಅಂದರೆ ಹೃದಯದ್ದೇ ಅಂತಲೂ ಹೇಳಲಾಗದು, ಆ ಮಾತ್ರೆ ಅನ್ನನಾಳದ ಸ್ನಾಯುವನ್ನೂ ಸಡಿಲಿಸುತ್ತದೆ. ಮನೆಯಲ್ಲಿ ಕೂತು ತೀರ್ಮಾನ ಮಾಡುವ ವಿಷಯವಲ್ಲ ಇದು.

ಹೃದಯಕ್ಕೆ ಏನೂ ಇಲ್ಲ ಅಂತ ಖಚಿತವಾದ ಮೇಲೆ ಆಸಿಡ್ ತಗ್ಗಿಸುವ ಪ್ಯಾಂಟೊಪ್ರಜೋಲ್ 40 ಮಾತ್ರೆ ಕೊಟ್ಟರು. ತಿಂಡಿಗೆ ಅರ್ಧ ಗಂಟೆ ಮೊದಲು, ಖಾಲಿ ಹೊಟ್ಟೆಯಲ್ಲಿ. ತಿಂದಾಗ ಆಸಿಡ್ ಬಿಡುವ ಜೀವಕೋಶಗಳು ಚುರುಕಾಗುತ್ತವೆ, ಆ ಹೊತ್ತಿಗೆ ಮಾತ್ರೆ ರಕ್ತದಲ್ಲಿ ಇರಬೇಕು. ಹಾಗಾಗಿ ನಾನು ಹೋಟೆಲಿನಲ್ಲಿ ಒಲೆ ಹಚ್ಚುವ ಮೊದಲೇ ನುಂಗುತ್ತಿದ್ದೆ. ಪೂರ್ತಿ ಪರಿಣಾಮಕ್ಕೆ ಕೆಲವು ದಿನ ಬೇಕು. ಸಾಮಾನ್ಯವಾಗಿ ಎಂಟು ವಾರ ಕೊಟ್ಟು ನೋಡುತ್ತಾರೆ. ನಮ್ಮಲ್ಲಿ ಎಷ್ಟೋ ಜನ ಮೆಡಿಕಲ್ ಶಾಪಿನಿಂದ ತಂದು ಸುಮ್ನೆ ವರ್ಷಗಟ್ಟಲೆ ನುಂಗುತ್ತಾರೆ. ಹಾಗೆ ನುಂಗಿದರೆ ಮೈಯಲ್ಲಿ ವಿಟಮಿನ್ ಬಿ12 ಕಡಿಮೆಯಾಗಬಹುದು. ಇದ್ದಕ್ಕಿದ್ದಂತೆ ಬಿಟ್ಟರೆ ಆಸಿಡ್ ಮೊದಲಿಗಿಂತ ಜಾಸ್ತಿ ಉಕ್ಕಬಹುದು. ಡಾಕ್ಟರನ್ನು ಕೇಳಿ ನಿಧಾನಕ್ಕೆ ಇಳಿಸಿ. ಈನೋದಲ್ಲಿ ಸೋಡಿಯಂ ಜಾಸ್ತಿ, ಬಿಪಿ ಇರುವವರು ದಿನಾ ಕುಡಿಯಬಾರದು.

ಮಾತ್ರೆ ಉರಿ ತಗ್ಗಿಸಿತು, ನಿಜ. ಆದರೆ ನನ್ನ ರಾತ್ರಿಗಳನ್ನು ಬದಲಿಸಿದ್ದು ಊಟದ ಹೊತ್ತು ಮತ್ತು ಮಂಚ. ಹೊಟ್ಟೆಯ ಬಾಯಲ್ಲಿ ಉಂಗುರದಂಥ ಒಂದು ಸ್ನಾಯು ಇದೆ. ಹೊಟ್ಟೆ ತುಂಬಿರುವಾಗ ಅದು ಆಗಾಗ ಸಡಿಲಾಗುತ್ತದೆ. ಕೂತಿದ್ದರೆ ಆಸಿಡ್ ತಾನಾಗೇ ಕೆಳಗಿಳಿಯುತ್ತದೆ, ಮಲಗಿದ್ದರೆ ಅಲ್ಲೇ ನಿಂತು ಸುಡುತ್ತದೆ. ಹಾಗಾಗಿ ಸಂಜೆ ಗಿರಾಕಿ ಕಡಿಮೆಯಾದ ಹೊತ್ತು ನೋಡಿ ಏಳು, ಏಳೂವರೆಗೆ ಹೋಟೆಲಿನಲ್ಲೇ ಮುದ್ದೆ ಅಥವಾ ರೊಟ್ಟಿ ಊಟ ಮುಗಿಸಲು ಶುರುಮಾಡಿದೆ. ಊಟಕ್ಕೂ ನಿದ್ದೆಗೂ ನಡುವೆ ಮೂರು ಗಂಟೆ ಕಡ್ಡಾಯ. ‘ಮನೆಗೆ ಬಂದು ಒಂದು ತುತ್ತೂ ತಿನ್ನಲ್ವಲ್ರೀ’ ಅಂತ ಮನೆಯವಳಿಗೆ ಬೇಜಾರಾಯಿತು. ಈಗ ಸಾರು, ಪಲ್ಯ ಅವಳೇ ಸಂಜೆ ಡಬ್ಬಿಯಲ್ಲಿ ಕಳಿಸುತ್ತಾಳೆ.

ಮಂಚದ ತಲೆಭಾಗವನ್ನು ಆರು ಇಂಚು ಎತ್ತರಿಸಿದೆ. ಬಡಗಿಯಿಂದ ಎರಡು ಮರದ ತುಂಡು ಮಾಡಿಸಿ, ಮಂಚದ ಕಾಲು ಜಾರದ ಹಾಗೆ ಮೇಲೆ ಸ್ವಲ್ಪ ಕೊರೆಸಿದೆ. ದಿಂಬಿನ ಮೇಲೆ ದಿಂಬು ಇಟ್ಟರೆ ಆಗುವುದಿಲ್ಲ. ಕತ್ತು, ಸೊಂಟ ಬಗ್ಗಿ ಹೊಟ್ಟೆ ಇನ್ನೂ ಅಮುಕುತ್ತದೆ. ಇಡೀ ಎದೆಭಾಗವೇ ಮೇಲಿರಬೇಕು. ಎಡಮಗ್ಗುಲಾಗಿ ಮಲಗುವುದೂ ಒಳ್ಳೆಯದು, ಹೊಟ್ಟೆಯ ಬಾಯಿ ಆಗ ಆಸಿಡ್‌ಗಿಂತ ಮೇಲಿರುತ್ತದೆ.

ತಿನ್ನುವುದರಲ್ಲಿ ಎಲ್ಲವನ್ನೂ ಬಿಡಬೇಕಿಲ್ಲ. ಯಾವುದು ತಿಂದಾಗ ಬರುತ್ತದೆ ಅಂತ ಬರೆದಿಟ್ಟು ನೋಡಿ. ನನಗೆ ಸಂಜೆಯ ಮಿರ್ಚಿ ಮತ್ತು ರಾತ್ರಿಯ ಕಾಫಿ ಆಗುತ್ತಿರಲಿಲ್ಲ, ಟೊಮೆಟೊ ಸಾರು ಏನೂ ಮಾಡಲಿಲ್ಲ. ಉಂಡ ಕೂಡಲೇ ಅಕ್ಕಿ ಚೀಲ ಎತ್ತುವುದು, ಗ್ರೈಂಡರ್‌ಗೆ ಬಗ್ಗುವುದು ನಿಲ್ಲಿಸಿದೆ. ಸೊಂಟದ ಸುತ್ತಳತೆ ಇಳಿದಷ್ಟೂ ನೋವು ದೂರವಾಯಿತು.

ನುಂಗಲು ಕಷ್ಟ, ತೂಕ ತಾನಾಗೇ ಇಳಿಯುವುದು, ಕಪ್ಪು ಮಲ, ರಕ್ತವಾಂತಿ, ಇವುಗಳಲ್ಲಿ ಯಾವುದು ಕಂಡರೂ ಬಾಯಿಂದ ಕ್ಯಾಮೆರಾ ಇಳಿಸಿ ನೋಡುವ ಎಂಡೋಸ್ಕೋಪಿ ಬೇಕಾಗುತ್ತದೆ, ಮನೆಮದ್ದು ಬೇಡ. ಆಸಿಡ್ ತೊಂದರೆ ಇದೆ ಅಂದ ಮಾತ್ರಕ್ಕೆ ಹೃದಯಕ್ಕೆ ಏನೂ ಆಗುವುದಿಲ್ಲ ಅಂತಲ್ಲ. ಹೋಟೆಲಿನ ಹುಡುಗರಿಗೆ ಹೇಳಿಟ್ಟಿದ್ದೇನೆ: ನನಗೆ ಎದೆನೋವಿನ ಜೊತೆ ಬೆವರು, ಉಸಿರುಗಟ್ಟುವುದು, ಎಡಗೈಗೋ ದವಡೆಗೋ ಹಬ್ಬುವ ನೋವು ಬಂದರೆ ‘ಅಣ್ಣಂದು ಮಾಮೂಲಿ ಅಸಿಡಿಟಿ’ ಅನ್ನದೆ ನೇರ 108ಕ್ಕೆ ಫೋನ್ ಮಾಡಿ.